ತೊಂಬತ್ತೈದರ ಪೆಟ್ರೋಲು, ಅಟ್ಟದ ಕಾಯಿ

ನಮ್ಮ ಮಾವ ನನ್ನ ಕಾರನ್ನು ಅಲ್ಲಾಡಿಸಿ ನೋಡಿದರು. ಉತ್ಪ್ರೇಕ್ಷೆಯಲ್ಲ, ನಿಜವಾಗಿಯೂ ಅಲ್ಲಾಡಿಸಿದರು. ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ಮೂರು ಸಲ ಒತ್ತಿ, ಬಗ್ಗಿ, ತಗಡಿಗೆ ಕಿವಿ ಕೊಟ್ಟು ಕಣ್ಣು ಮುಚ್ಚಿ ನಿಂತರು. ಆಮೇಲೆ ಟವೆಲಿನಿಂದ ಕಿವಿ ಒರೆಸಿಕೊಂಡು, "ಸದ್ದೇ ಇಲ್ಲ ಕಣವ್ವ. ಇನ್ನೂ ಹಸಿ ಐತೆ," ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಬಾಯಿ ಬಿಡುವ ಹಾಗಿರಲಿಲ್ಲ. ಐದಾರು ವರ್ಷದ ಹಿಂದಿನ ಮಾತು. ತುಮಕೂರಿನ ಪರಿಚಯದವರೊಬ್ಬರಿಂದ ಆ ಕೆಂಪು ಕಾರನ್ನು ತಂದಿದ್ದೆ. ಸೆಕೆಂಡ್ ಹ್ಯಾಂಡು, ಟರ್ಬೊ ಎಂಜಿನ್ನು, ಕಾಲಿಟ್ಟರೆ ಬೆನ್ನು ಸೀಟಿಗೆ ಅಂಟಿಕೊಳ್ಳುವಂಥದ್ದು. ಒಂದು ತಿಂಗಳು ಓಡಿಸಿ ನೋಡಿ, ಒಗ್ಗದಿದ್ದರೆ ವಾಪಸ್ ಕೊಡಿ ಎಂದಿದ್ದರು. ನನ್ನ ಗಂಡ ಜಾಣ, ತಾನು ಬೇಡ ಅನ್ನಲಿಲ್ಲ. "ಅಪ್ಪ ಇರಲಿ ಅಂದ್ರೆ ಇರಲಿ ಕಣೇ," ಎಂದು ಕೈ ತೊಳೆದುಕೊಂಡ. ನನಗೆ ಆ ಕಾರು ಬೇಕಿತ್ತು. ಹಂದನಕೆರೆ ಹತ್ತಿರದ ನಮ್ಮೂರಿನಿಂದ ತಿಪಟೂರಿನ ಕಾಲೇಜಿಗೆ ಹೋಗಿಬರುವಷ್ಟು ಹೊತ್ತು ಯಾರಿಗೂ ಉತ್ತರ ಹೇಳದೆ, ನಾನೇ ಗೇರು ಹಾಕಿಕೊಂಡು, ನಾನೇ ಬೈದುಕೊಂಡು ಹೋಗುವ ಸುಖ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನಗೆ ಸಿಕ್ಕಿರಲಿಲ್ಲ.

ಇನ್ನು ಮಾವನ ಕಿವಿಯ ವಿಚಾರ. ನಮ್ಮ ಕಡೆ ತೆಂಗಿನಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಹೋಗುವುದಿಲ್ಲ. ಆಮೇಲೆ ಒಂದೊಂದನ್ನೇ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಗುಳುಗುಳು ಅಂದರೆ ಒಳಗೆ ನೀರಿದೆ, ವಾಪಸ್ ಅಟ್ಟಕ್ಕೆ. ಗಟಗಟ ಅಂದರೆ ಒಳಗಿನ ಕೊಬ್ಬರಿ ಒಣಗಿ ಕರಟ ಬಿಟ್ಟಿದೆ, ಸುಲಿದು ಒಡೆದು ತಿಪಟೂರಿನ ಮಾರುಕಟ್ಟೆಗೆ ಕಳಿಸಬಹುದು. ಈ ಕೆಲಸದಲ್ಲಿ ಮಾವನನ್ನು ಮೀರಿಸಿದವರಿಲ್ಲ. ಊರಿನವರು ಅನುಮಾನದ ಕಾಯನ್ನು ಚೀಲದಲ್ಲಿ ಹಾಕಿಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. ಅದೇ ಜಂಬದಲ್ಲಿ ಮಾವ ಹಲಸಿನ ಹಣ್ಣು, ಮಡಕೆ, ಮಗನ ಕೆಮ್ಮು ಎಲ್ಲವನ್ನೂ ಸದ್ದಿನ ಮೇಲೇ ತೀರ್ಮಾನ ಮಾಡುತ್ತಿದ್ದರು. ನನ್ನನ್ನು ನೋಡಲು ಬಂದಾಗ ಜಾತಕ ಪಕ್ಕಕ್ಕಿಟ್ಟು, "ಏನಾದ್ರೂ ಮಾತಾಡವ್ವ," ಅಂದಿದ್ದರು. ನಾನು ಅರ್ಧ ಗಂಟೆ ಮಾತಾಡಿದೆ. ನಮ್ಮಪ್ಪ ಹಣೆ ಚಚ್ಚಿಕೊಂಡರು. ಮಾವ ಮಾತ್ರ, "ಬಲ್ತ ಕಾಯಿ. ನಮಗೆ ಒಪ್ಗೆ," ಎಂದು ಎದ್ದುಬಿಟ್ಟರು.

ಇಂಥವರು ಕಾರನ್ನು ಹಸಿ ಅಂದಮೇಲೆ ಮುಗಿಯಿತು. ಆದರೆ ಎರಡು ದಿನ ಕಳೆದು, ಮಾವನನ್ನೂ ಗಂಡನನ್ನೂ ಡಿಕ್ಕಿಯಲ್ಲಿ ಎರಡು ಮೂಟೆ ಕಾಯನ್ನೂ ಹೇರಿಕೊಂಡು ಏರು ಹತ್ತಿಸುತ್ತಿದ್ದಾಗ, ಗೇರು ಇಳಿಸಲು ಸೋಮಾರಿತನವಾಗಿ ಹಾಗೇ ಆಕ್ಸಿಲರೇಟರ್ ಒತ್ತಿದೆ. ಬಾನೆಟ್ಟಿನ ಒಳಗಿಂದ ಸದ್ದು ಬಂತು. ಗಟಗಟ, ಗಟಗಟ.

ಮಾವ ನೆಟ್ಟಗೆ ಕೂತರು. "ನಿಲ್ಲಿಸ್ಬ್ಯಾಡ, ನಿಲ್ಲಿಸ್ಬ್ಯಾಡ, ಅಂಗೇ ಒತ್ತು!" ಏರು ಮುಗಿಯುವಷ್ಟರಲ್ಲಿ ಅವರ ಮುಖದಲ್ಲಿ ಗೌರಿ ಹಬ್ಬ. "ಬಲ್ತೈತೆ ಕಣ್ಲಾ," ಎಂದು ಮಗನ ಹೆಗಲಿಗೆ ಬಡಿದರು. "ಎರಡೇ ದಿನದಾಗೆ ಒಳಗಿಂದು ಬುಟ್ಟೈತೆ ನೋಡು. ಇರ್ಲಿ ಬುಡು ಈ ಕಾರು. ವಾಪಸ್ ಕೊಡೋ ದಿನದವರೆಗೂ ಇದೇ ಸದ್ದು ಇದ್ರೆ ಕಾಯಂ."

ನಾನು ಕುಣಿದಾಡಿದೆ. ನಾಚಿಕೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾನು ಕಾಲೇಜಿನಲ್ಲಿ ಪಾಠ ಮಾಡುವುದು ಕೆಮಿಸ್ಟ್ರಿ. ಆಕ್ಟೇನ್ ಸಂಖ್ಯೆಯನ್ನು ವರ್ಷಕ್ಕೊಂದು ಸಲ ಬೋರ್ಡಿನ ಮೇಲೆ ಬರೆದು, ಅಡಿಗೆರೆ ಎಳೆದು, ಪರೀಕ್ಷೆಗೆ ಬರುತ್ತದೆ ಎಂದು ಹೆದರಿಸಿದವಳು. ಪೆಟ್ರೋಲಿನ ಮುಚ್ಚಳದ ಒಳಗೆ 'ಆಕ್ಟೇನ್ ಕನಿಷ್ಠ ತೊಂಬತ್ತೈದು' ಎಂಬ ಅರ್ಥದ ಚೀಟಿ ಅಂಟಿಸಿದ್ದನ್ನೂ ಓದಿದ್ದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ತಂಪಾದ ಜಾಗದಲ್ಲಿಡಿ ಎಂದು ಬರೆದಿರುವುದಿಲ್ಲವೇ, ಅದನ್ನು ಯಾರು ಕೇಳುತ್ತಾರೆ? ಹತ್ತಿರದ ಬಂಕಿನಲ್ಲಿ ಸಿಗುತ್ತಿದ್ದ ತೊಂಬತ್ತೊಂದರ ಸಾದಾ ಪೆಟ್ರೋಲನ್ನೇ ಹಾಕಿಸುತ್ತಿದ್ದೆ. ಅದರ ಮೇಲೆ ಇಪ್ಪತ್ತೆರಡು ವರ್ಷ ಅಟ್ಟದ ಕೆಳಗೆ ಬಾಳಿದವಳು, ಗಟಗಟ ಕೇಳಿದರೆ ನನಗೂ ಹಿಗ್ಗೇ ಆಗುತ್ತದೆ. ಏರು ಸಿಕ್ಕಲ್ಲೆಲ್ಲ ಬೇಕೆಂದೇ ಒತ್ತಿ ಕೇಳಿ ಖುಷಿಪಡುತ್ತಿದ್ದೆ.

ಎರಡು ವಾರ ಕಳೆದ ಮೇಲೆ ಗಾಳಿ ಸೋರುತ್ತಿದ್ದ ಟೈರು ತೋರಿಸಲು ತಿಪಟೂರಿನ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದವನು ಎದೆ ಹಿಡಿದುಕೊಂಡು ಇಳಿದ.

"ಮೇಡಂ, ಎಷ್ಟು ದಿನದಿಂದ ಹಿಂಗೆ ಬಡ್ಕೊಳ್ತಾ ಐತೆ?"

"ಈಗ ಚೆನ್ನಾಗಿ ಸೆಟ್ ಆಗಿದೆ ಅಲ್ವೇನಪ್ಪ?" ಅಂದೆ ನಾನು, ಹೆಮ್ಮೆಯಿಂದ.

ಅವನು ನನ್ನನ್ನೇ ನೋಡಿದ. "ನಾನು ನಿಮ್ಮ ಸ್ಟೂಡೆಂಟು ಮೇಡಂ. ಕೆಮಿಸ್ಟ್ರೀಲಿ ಎರಡು ಸಲ ಫೇಲು. ಅದ್ರಾಗೆ ನೆನಪಿರೋದು ಒಂದೇ. ಆಕ್ಟೇನ್ ಅಂದ್ರೆ ಶಕ್ತಿ ಅಲ್ಲ ಕಣ್ರೋ, ತಾಳ್ಮೆ, ಅಂತ ನೀವೇ ಹೇಳಿದ್ರಿ."

ಆಮೇಲೆ ನನ್ನ ಪಾಠವನ್ನು ನನಗೇ ಒಪ್ಪಿಸಿದ. ಟರ್ಬೊ ಎಂಜಿನ್ನು ಪೆಟ್ರೋಲನ್ನೂ ಗಾಳಿಯನ್ನೂ ಸಿಕ್ಕಾಪಟ್ಟೆ ಹಿಂಡುತ್ತದೆ. ತಾಳ್ಮೆಯಿರುವ ಪೆಟ್ರೋಲು ಪ್ಲಗ್ಗಿನ ಕಿಡಿಯಿಂದ ಹಬ್ಬುವ ಉರಿ ತನ್ನವರೆಗೆ ಬರಲಿ ಎಂದು ಕಾಯುತ್ತದೆ. ತಾಳ್ಮೆ ಇಲ್ಲದ್ದು ಹಿಂಡಿದ ಬಿಸಿಗೇ ಸಿಡಿದುಬಿಡುತ್ತದೆ. ಆ ಸಿಡಿತವೇ ಗಟಗಟ. ಹಾಗಾಗದಂತೆ ತಡೆಯುವ ಸೆನ್ಸರ್ ಈ ಕಾರಿನಲ್ಲಿ ಸತ್ತುಹೋಗಿತ್ತು. "ಇನ್ನು ಸ್ವಲ್ಪ ದಿನ ಹಿಂಗೇ ಓಡ್ಸಿದ್ರೆ ಪಿಸ್ಟನ್ ತೂತು," ಅಂದ.

"ಹಂಗಾದ್ರೆ ನೂರರದ್ದೇ ಹಾಕಿಸ್ಲಾ?"

"ಯಾಕೆ? ಕಾರು ಕೇಳಿರೋದು ತೊಂಬತ್ತೈದು. ಅದು ಕೇಳಿದ್ದು ಕೊಡಿ ಸಾಕು."

ಅವನೇ ಸೆನ್ಸರ್ ಬದಲಾಯಿಸಿದ. ಹೆದ್ದಾರಿಯ ಬಂಕಿಗೆ ಹೋಗಿ ತೊಂಬತ್ತೈದು ಹಾಕಿಸಿದೆ. ಏರಿನಲ್ಲಿ ಒತ್ತಿದರೆ ಕಾರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹತ್ತಿತು, ಚಕಾರವಿಲ್ಲ. ಅದೇ ಏರಿನ ನೆತ್ತಿಯಲ್ಲಿ ನನಗೆ ಹೊಳೆಯಿತು: ಸದ್ದು ನಿಂತಿತು ಎಂದರೆ ಕಾರು ಹೋಯಿತು. ಸದ್ದು ಉಳಿಸಿದರೆ ಎಂಜಿನ್ನು ಹೋಯಿತು. ಅತ್ತ ದರಿ, ಇತ್ತ ಪುಲಿ. ಮಾವನಿಗೆ ನಿಜ ಹೇಳಬಹುದಿತ್ತು. ಹೇಳುವುದೆಂದರೆ, ಊರಿಗೆಲ್ಲ ತೀರ್ಪು ಕೊಡುವ ಕಿವಿಗೆ ನೀನು ಕೇಳಿದ್ದು ತಪ್ಪು ಎನ್ನುವುದು. ಯಾರಿಗೂ ಹೆದರದ ನನ್ನ ಬಾಯಿ ಅಲ್ಲಿ ಮಾತ್ರ ಕಟ್ಟಿಹೋಯಿತು.

ತಿಂಗಳ ಗಡುವಿನ ಕೊನೆಯ ಭಾನುವಾರ ಬೆಳಿಗ್ಗೆ ಮಾವ ಒಗೆದ ಪಂಚೆ ಉಟ್ಟು ಬಂದರು. "ಕಿಬ್ಬನಹಳ್ಳಿ ತನಕ ಹೋಗಿ ಬರಾಣ ನಡಿಯವ್ವ. ಕೇಳಿ ಹೇಳ್ಬುಡ್ತೀನಿ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಟ್ಯಾಂಕಿನಲ್ಲಿ ತೊಂಬತ್ತೈದು ಇತ್ತು. ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕದಲ್ಲಿ, ಅಟ್ಟದಿಂದ ನಾನೇ ಕದ್ದು ಸುಲಿದ, ಬಲು ಜೋರಾಗಿ ಗಟಗಟ ಅನ್ನುವ ಒಂದು ಕಾಯಿ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿಸಿಕೊಂಡು ತೂಗಾಡುತ್ತಿತ್ತು. ಎಂ.ಎಸ್ಸಿ. ಓದಿದ ಹೆಂಗಸು ನಾನು.

ಊರ ಬಾಗಿಲ ಹಳ್ಳದಲ್ಲಿ ಗಟ್ ಅಂದಿತು. ಮಾವ ತಲೆದೂಗಿದರು. ನನಗೆ ಜೀವ ಬಂತು. ಟಾರು ರಸ್ತೆಗೆ ಬಂದಮೇಲೆ ಏರಿನಲ್ಲಿ ಒತ್ತಿದೆ. ನಿಶ್ಶಬ್ದ. ಅದರಾಚೆ ಇಳಿಜಾರಿನಲ್ಲಿ ಒಂದು ಹಂಪು, ಆಕ್ಸಿಲರೇಟರಿನಿಂದ ಕಾಲು ಪೂರಾ ತೆಗೆದಿದ್ದೆ. ಗಟಗಟ.

"ಎಂಜಿನ್ನು ಎಲ್ಲೈತವ್ವ ಇದಕ್ಕೆ?" ಮಾವ ಮೆಲ್ಲಗೆ ಕೇಳಿದರು.

"ಮುಂದೆ, ಮಾವ."

"ಸದ್ದು ಹಿಂದಿಂದ ಬತ್ತಾ ಐತೆ."

ಇನ್ನೊಂದು ಹಂಪು ಬಂತು. ಮಾವ ಕಣ್ಣು ಮುಚ್ಚಿದರು. "ಅದು ಎಂಜಿನ್ನಲ್ಲ. ನಮ್ಮ ಅಟ್ಟದ ಕಾಯಿ. ಮೂಡಗಡೆ ಮೂಲೇದು, ಒಲೆ ಹೊಗೆ ತಗಲೈತೆ. ಗಾಡಿ ನಿಲ್ಸು."

ಇಂಗು ತಿಂದ ಮಂಗನ ಹಾಗೆ ಇಳಿದು ಡಿಕ್ಕಿ ತೆಗೆದೆ. ಮಾವ ಸೀರೆಯ ಗಂಟು ಬಿಚ್ಚಿ, ಕಾಯನ್ನು ಕೈಯಲ್ಲಿ ಹಿಡಿದು, ಹುಣಸೆ ಮರದ ನೆರಳಿನಲ್ಲಿ ಕಲ್ಲಿನ ಮೇಲೆ ಕೂತರು. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

"ಯಾಕವ್ವ?"

ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿಬಿಟ್ಟೆ: ತೊಂಬತ್ತೊಂದು, ತೊಂಬತ್ತೈದು, ತಾಳ್ಮೆ, ಪಿಸ್ಟನ್ನು. ಕೊನೆಗೆ, "ನಿಮ್ಮ ಕಿವಿ ತಪ್ಪಲ್ಲ ಮಾವ. ಸದ್ದು ಮೊದಲು ಹಿಡಿದಿದ್ದು ನೀವೇ. ಆದರೆ ಎಂಜಿನ್ನು ಗಟಗಟ ಅಂದ್ರೆ ಬಲಿತಿದೆ ಅಂತಲ್ಲ. ಅದಕ್ಕೆ ನೋವಾಗ್ತಿದೆ ಅಂತ. ತಪ್ಪು ಪೆಟ್ರೋಲು ಹಾಕಿ ಹಿಂಡಿದ್ರೆ ಹಂಗೆ ಬಡ್ಕೊಳ್ತದೆ," ಅಂದೆ.

ಮಾವ ಕಾಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರು. ಅಭ್ಯಾಸಬಲ. ಒಂದು ಬಸ್ಸು ಹೋಯಿತು.

"ನೀನೂ ನಮ್ಮನೇಗೆ ಬಂದಾಗಿಂದ ಗಟಗಟ ಅಂತಾನೇ ಇದೀಯ," ಅಂದರು. "ಎಂಥಾ ಬಲ್ತ ಕಾಯಿ ತಂದೆ ಅಂತ ನಾನು ಊರಲ್ಲೆಲ್ಲಾ ಹೇಳ್ಕಂಡು ತಿರುಗ್ದೆ. ನೋವಿಗೆ ಅಂತ ಅನ್ಕಂಡಿರ್ಲಿಲ್ಲ ಕಣವ್ವ."

ಇಲ್ಲ ಮಾವ, ಹಾಗೇನಿಲ್ಲ ಎನ್ನಬೇಕಿತ್ತು, ಅನ್ನಲಿಲ್ಲ. ಅವರು ಟವೆಲು ಕೊಡವಿ ಎದ್ದು ಕಾರಿನ ಕಡೆ ನಡೆದರು.

"ಕಾರು ಇರ್ಲಿ. ಅದೇನು ತೊಂಬತ್ತೈದೋ, ಅದನ್ನೇ ಹಾಕ್ಸು."

ಮನೆಯವರೆಗೂ ಎಂಜಿನ್ನು ಒಂದೂ ಸದ್ದು ಮಾಡಲಿಲ್ಲ, ನಾನೂ ಮಾಡಲಿಲ್ಲ. ಮಾವ ಕಾಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹಂಪು ಬಂದಾಗಲೆಲ್ಲ ಅದು ಅಲ್ಲಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು.