ಇಂಟರ್‌ವಲ್ ಕಳೆದರೆ ಒಪ್ಪುತ್ತಾಳಂತೆ

ನನ್ನ ಮೊಮ್ಮಗಳು ಒಂಬತ್ತು ದಿನ ಕಾಲೇಜಿಗೆ ಹೋಗಲಿಲ್ಲ. ಮೊದಲು ಹೊಟ್ಟೆನೋವು ಅಂದಳು, ಆಮೇಲೆ ತಲೆನೋವು. ಒಂಬತ್ತನೇ ದಿನ ನನ್ನ ಜೊತೆ ಚೆಂಡು ಹೂ ಕೀಳುವ ಕೂಲಿಗೆ ಹೊರಟು ನಿಂತಳು. ನನಗೆ ಸಿಟ್ಟು ಬಂತು. ಹೂವಿನ ಸಾಲಿನ ನಡುವೆ ನಿಲ್ಲಿಸಿ ಕೇಳಿದೆ.

"ಬಸ್ಸಲ್ಲಿ ಒಬ್ಬ ಬತ್ತಾನ ಕಣಜ್ಜಿ. ದಿನಾ ನನ್ನ ಸೀಟ್ ಪಕ್ಕನೇ ನಿಂತ್ಕತಾನ. ಮೊಬೈಲಲ್ಲಿ ಸಿನಿಮಾ ಆಡು ಆಕಿ ನನ್ ಕಿವಿತವ ಇಡ್ತಾನ. ಬ್ಯಾಡ ಅಂದ್ರೂ ಬುಡದಿಲ್ಲ."

"ಯಾಕ, ಬಸ್ಸಲ್ಲಿ ಜನ ಇಲ್ವಾ?"

"ಅವ್ರಾ? ಅವ್ರೂ ನಗ್ತಾರ."

ನನ್ನ ಮಗನಿಗೆ, ಅಂದರೆ ಅವಳ ಅಪ್ಪನಿಗೆ, ಇದೆಲ್ಲ ಆಗಲೇ ಗೊತ್ತಿತ್ತಂತೆ. ಕಾಲೇಜು ಬಿಡಿಸಿ ಗಂಡು ನೋಡುವುದೆಂದು ತೀರ್ಮಾನವನ್ನೂ ಮಾಡಿದ್ದ. ತಪ್ಪು ಮಾಡಿದವನು ಬಸ್ಸಿನಲ್ಲಿ, ಶಿಕ್ಷೆ ಇವಳಿಗೆ. ಸೊಸೆಯದು ಇನ್ನೊಂದು ರಾಗ. "ಪಾಪ, ಅಷ್ಟು ದಿನದಿಂದ ಇಂದಿಂದೆ ಬತ್ತಾವ್ನ, ಮನಸಲ್ಲಿ ಏನೂ ಇಲ್ದೆ ಬಂದಾನಾ ಅತ್ತೆ?" ಅಂದಳು. ಅವಳ ಕಣ್ಣು ಟಿವಿ ಮೇಲಿತ್ತು. ಅಲ್ಲಿಯೂ ಒಬ್ಬ ಗಡ್ಡದವನು ಹುಡುಗಿಯ ದಾರಿಗೆ ಅಡ್ಡ ನಿಂತು ಕುಣಿಯುತ್ತಿದ್ದ. ನನಗೆ ಹೇಸಿಗೆಯಾಯಿತು. ಎದ್ದು ಹೊರಗೆ ಹೋಗಿ ಉಗಿದು ಬಂದೆ.

ಸೊಸೆಯನ್ನು ಬೈಯಲು ನನಗೂ ಬಾಯಿಲ್ಲ. ನಾನು ಮೊಮ್ಮಗಳಿಗಿಂತ ಚಿಕ್ಕವಳಿದ್ದಾಗ ತಾಳವಾಡಿಯಲ್ಲಿ ಸಿನಿಮಾ ಟೆಂಟು ಹಾಕಿದ್ದರು. ನಾವು ಹೆಂಗಸರೆಲ್ಲ ನಡೆದು ಹೋಗಿ ನೆಲದ ಮೇಲೆ ಕುಳಿತು ನೋಡಿದೆವು. ಸಿನಿಮಾದ ಹೀರೋ ಕಲ್ಲು ಬೀರಿ ಹುಡುಗಿಯ ನೀರಿನ ಕೊಡ ಒಡೆದ. ಅವಳು ಬೈದಳು. ಇಂಟರ್‌ವಲ್ ಕಳೆದ ಮೇಲೆ ಅವನ ಎದೆಗೇ ಒರಗಿದಳು. ನಾವು ನಕ್ಕು ನಕ್ಕು ಸುಸ್ತಾದೆವು.

ಅದೇ ಸಿನಿಮಾ ನೋಡಿದ್ದ ನಮ್ಮೂರಿನವನೊಬ್ಬ ವಾರದೊಳಗೆ ಬಾವಿಯ ದಾರಿಯಲ್ಲಿ ನನ್ನ ಕೊಡಕ್ಕೂ ಕಲ್ಲು ಬೀರಿದ. ಅದು ಕೊಡಕ್ಕೆ ತಾಗಲಿಲ್ಲ, ನನ್ನ ಕಿವಿಯ ಹಿಂದೆ ಬಿತ್ತು. ರಕ್ತ ಬಂತು. ಜೊತೆಗಿದ್ದ ಹೆಂಗಸರು ನಕ್ಕರು. ಮನೆಯಲ್ಲಿ ಗಾಯಕ್ಕೆ ಅರಿಶಿನ ಒತ್ತುತ್ತಾ ಅವ್ವನೂ ನಕ್ಕಳು. ಬುದ್ಧಿಗೆಟ್ಟ ನಾನೂ ನಕ್ಕೆ. ಅವನನ್ನೇ ಕಟ್ಟಿಕೊಂಡೆ. ಆಮೇಲೆ ಅವನು ಸಾಯುವ ತನಕ ಅವನ ಕೈ ಗುರಿ ತಪ್ಪಲಿಲ್ಲ.

ಮಾರನೆಯ ದಿನ ಕೂಲಿ ಬಿಟ್ಟು ಮೊಮ್ಮಗಳ ಜೊತೆ ಬಸ್ಸು ಹತ್ತಿದೆ. ಅವಳನ್ನು ಕಿಟಕಿ ಪಕ್ಕ ಕೂರಿಸಿದೆ. ಎರಡು ಸ್ಟಾಪು ಕಳೆಯುವಷ್ಟರಲ್ಲಿ ಅವನು ಹತ್ತಿದ. ನೆರಳಲ್ಲೂ ಕಪ್ಪು ಕನ್ನಡಕ. ನನ್ನನ್ನು ದಾಟಿ ಕೈ ಚಾಚಿ ಮೊಬೈಲನ್ನು ಅವಳ ಕಿವಿಯ ಹತ್ತಿರ ಹಿಡಿದ. ಅವಳು ಊಟದ ಡಬ್ಬಿಯನ್ನು ಎದೆಗೊತ್ತಿಕೊಂಡು ಕಿಟಕಿಗೆ ಅಂಟಿಕೊಂಡಳು. ಹಿಂದಿನ ಸೀಟಿನಲ್ಲಿ ಸೊಪ್ಪಿನ ಮಂಕರಿ ಇಟ್ಟುಕೊಂಡಿದ್ದ ಜೀರಹಳ್ಳಿಯ ಹೆಂಗಸು, "ಇಂಟರ್‌ವಲ್ ಕಳೀಲಿ ಬುಡ್ಲಾ, ಒಪ್ಕತಾಳ" ಅಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ನಮ್ಮ ಟೆಂಟಿನಲ್ಲಿ ಎದ್ದ ನಗುವೂ ಹೀಗೇ ಇತ್ತು.

ಚಪ್ಪಲಿ ತೆಗೆದು ಅವನ ಕೆನ್ನೆಗೆ ಒಂದು ಬಿಟ್ಟೆ. ಕನ್ನಡಕ ಹಾರಿಹೋಯಿತು.

ಯಾರೋ ಶಿಳ್ಳೆ ಹಾಕಿದರು. "ಅಜ್ಜಿ, ಇನ್ನೊಂದು ಬುಡಿ!" ಅಂದ ಒಬ್ಬ. ಇನ್ನೊಬ್ಬ ಮೊಬೈಲು ಎತ್ತಿ ಹಿಡಿದ.

"ಏನ್ ಸಿನಿಮಾ ನೋಡಕ್ ಬಂದಿದ್ದರ್ಲಾ? ಈ ಎಣ್ಣು ಎದ್ರಿ ಒಂಬತ್ ದಿನ ಮನೇಲಿ ಕುಂತಿತ್ತು. ನಿಮ್ಗೂ ಒಂದೊಂದು ಬೀಳ್ಬೇಕು ಕಣ್ಲಾ!" ಅಂದೆ.

ಅದಕ್ಕೂ ಚಪ್ಪಾಳೆ ತಟ್ಟಿದರು. ಮುಂದಿನ ಸ್ಟಾಪಿನಲ್ಲಿ ಅವನು ಇಳಿದು ಹೋದ. ಅವನನ್ನು ಒಂದು ಮಾತು ಬೈದವರಿಲ್ಲ.

ಸಂಜೆ ನಾವು ಮನೆ ಸೇರುವ ಮೊದಲೇ ಆ ವಿಡಿಯೋ ಸೊಸೆಯ ಮೊಬೈಲಿಗೆ ಬಂದಿತ್ತು. ನನ್ನ ಏಟಿಗೆ ಯಾವುದೋ ಸಿನಿಮಾದ ಡಂಡಂ ಮ್ಯೂಸಿಕ್ಕು ಹಾಕಿದ್ದರು. ಅದೇ ಏಟನ್ನು ನಾಲ್ಕು ಸಲ ತೋರಿಸಿದ್ದರು. "ಅತ್ತೆ, ಈರೋಯಿನ್ ಆಗ್ಬುಟ್ರಿ!" ಎಂದು ಸೊಸೆ ಕುಣಿದಳು. ವಿಡಿಯೋದ ಮೂಲೆಯಲ್ಲಿ ಕಿಟಕಿಗೆ ಅಂಟಿಕೊಂಡಿದ್ದ ತನ್ನ ಮಗಳು ಅವಳ ಕಣ್ಣಿಗೆ ಬೀಳಲೇ ಇಲ್ಲ. ಮೊಮ್ಮಗಳು ಅದನ್ನು ಒಂದು ಸಲ ನೋಡಿ ಹೊರಗೆ ಹೋಗಿ ಕುಳಿತಳು.

ಮಗ ತಲೆ ಮೇಲೆ ಕೈ ಹೊತ್ತು ಕುಳಿತ. "ಇನ್ ಈ ಮನಗ ಯಾವ್ ಗಂಡು ಬತ್ತಾನವ್ವ? ಚಪ್ಲಿ ಅಜ್ಜಿ ಅವ್ಳ ಅಂತಾರ."

"ಬರದೇ ಬ್ಯಾಡ. ಓದ್ಲಿ ಬುಡು."

"ಓಗ್ಲಿ ಅತ್ಲಾಗಿ. ಕೋರ್ಸ್ ಮುಗಿಯಗಂಟ ಓದ್ಲಿ" ಅಂದ. ಮಗಳು ಅಳುತ್ತಿದ್ದಾಗ ಬಾರದ ಬುದ್ಧಿ ಮಾನ ಹೋದಾಗ ಬಂತು.

ಮಾರನೆಯ ದಿನವೂ ಜೊತೆಯಲ್ಲಿ ಹೋದೆ. ಅವನು ಬರಲಿಲ್ಲ. ಪ್ರತಿ ಸ್ಟಾಪಿನಲ್ಲೂ ಜನ ಕತ್ತು ಉದ್ದ ಮಾಡಿ ಬಾಗಿಲು ನೋಡಿದರು, ಆಮೇಲೆ ನನ್ನ ಕಾಲು ನೋಡಿದರು. "ಇವತ್ತು ಇಲ್ವಾ ಅಜ್ಜಿ?" ಅಂದಳು ಸೊಪ್ಪಿನವಳು, ಟಿಕೆಟ್ಟಿಗೆ ಕೊಟ್ಟ ದುಡ್ಡು ಮೋಸವಾದವಳಂತೆ.

ಮೊಮ್ಮಗಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ತಪ್ಪಿಹೋದ ಒಂಬತ್ತು ದಿನದ ಪಾಠವನ್ನು ಗೆಳತಿಯ ಪುಸ್ತಕ ನೋಡಿ, ಬಸ್ಸಿನ ಕುಲುಕಾಟದಲ್ಲೇ ಬರೆಯಲು ಶುರು ಮಾಡಿದಳು. ಅದನ್ನು ಯಾರೂ ನೋಡಲಿಲ್ಲ.