ಬೈತಖೋಲದ ಏಳನೇ ಬಂಗಡೆ

ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ವೀಣಾ ಗೌಡ ಡಾಕ್ಟರ್ ಆದದ್ದು ಒಂದು ಕಣವನ್ನು ವರ್ಷಗಟ್ಟಲೆ ಹುಡುಕಿ, ಕೊನೆಗೆ ಅದು ಸಿಗಲಿಲ್ಲ ಎಂದು ಬರೆದು. ಮೊದಲ ಸಲ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ನಾನು ಕನ್ನಡ ಕಲಿಸುವವಳು. ನಾನು ಹಾಗೆ ಬರೆದುಕೊಟ್ಟಿದ್ದರೆ ನನ್ನ ಮಾರ್ಗದರ್ಶಕರು ಪ್ರಬಂಧದ ಕಟ್ಟು ಸಮೇತ ಮನೆಗೆ ಕಳಿಸುತ್ತಿದ್ದರು. ವೀಣಾಗೆ ಸಿಟ್ಟೇನೂ ಬರಲಿಲ್ಲ.

"ಇಲ್ಲ ಅಂತ ಗಟ್ಟಿಯಾಗಿ ಹೇಳೂದೇ ಕಷ್ಟ ವಿನುತಕ್ಕ," ಅಂದಳು. "ಯಂತ್ರ ತಪ್ಪು ತೋರಿಸ್ತದೆ, ನಾವು ತಪ್ಪು ಓದ್ತೇವೆ. ಯಾವ ತಪ್ಪು ಯಾರದ್ದು ಅಂತ ನೋಡೂದ್ರಲ್ಲೇ ಆಯುಷ್ಯ ಹೋಗ್ತದೆ."

ಅವಳು ಮಂಜಗುಣಿಯ ಬೇಸಾಯದ ಮನೆಯವಳು. ತಾಯಿ ಸೋಮಿ ಇವತ್ತಿಗೂ ಅಂಕೋಲೆ ಪೇಟೆಯಲ್ಲಿ ಬಸಳೆ, ಹರಿವೆ ಸೊಪ್ಪು ಹರವಿಕೊಂಡು ಕೂರುತ್ತಾರೆ. ಮಗಳು ದೊಡ್ಡ ಸಂಸ್ಥೆಯೊಂದರಲ್ಲಿ ಕೂತು, ಯಾವುದೋ ದೇಶದ ನೆಲದಡಿಯ ಯಂತ್ರ ಕಳಿಸಿದ ಮಾಹಿತಿಯನ್ನು ಸೋಸಿದವಳು. ಅದನ್ನು ಮುಗಿಸಿ ಇಷ್ಟಪಟ್ಟೇ ಕಾರವಾರಕ್ಕೆ ಬಂದಳು. ಬಂದ ಮೇಲೆ ನಮ್ಮ ಪದವಿ ಹುಡುಗರನ್ನು ಕಂಡು ತಲೆ ಕೆರೆದುಕೊಂಡಳು. ಅವರಿಗೆ ಸೂತ್ರವೆಲ್ಲ ಬಾಯಿಪಾಠ. ಆದರೆ ಹಲಗೆಯ ಮೇಲೆ ಗೆರೆ ಎಳೆದು, ಒಂದು ತುದಿಗೆ ಸೊನ್ನೆ, ಇನ್ನೊಂದಕ್ಕೆ ಕೋಟಿ ಬರೆದು, ಲಕ್ಷ ಎಲ್ಲಿ ಬರುತ್ತದೆ ಎಂದರೆ ನಟ್ಟನಡುವೆ ಗುರುತು ಹಾಕುತ್ತಿದ್ದರು. ನಾನೂ ಅಲ್ಲೇ ಹಾಕಿದೆ. ಲಕ್ಷ ಸೊನ್ನೆಗೆ ಅಂಟಿಕೊಂಡೇ ಇರುತ್ತದಂತೆ. ಸಂಖ್ಯೆ ಅನ್ನುವುದು ಮನುಷ್ಯನ ತಲೆಯೊಳಗೆ ಯಾವಾಗ, ಹೇಗೆ ಕೂರುತ್ತದೆ ಎಂಬ ಹುಚ್ಚು ಅವಳಿಗೆ ಹಿಡಿದದ್ದು ಆವಾಗ.

ಶಿಕ್ಷಣ ಸಂಶೋಧನೆಯಲ್ಲಿ ಹೆಸರು ಮಾಡಿದ ಮಧುಕೇಶ್ವರ ಹೆಗಡೆಯವರು ಇಂಥದ್ದೇ ಒಂದು ಯೋಜನೆ ನಡೆಸುತ್ತಿದ್ದರು. ನಮ್ಮ ಭಾಗದ ಒಂದನೇ ತರಗತಿಯ ಮಕ್ಕಳನ್ನು ಪರೀಕ್ಷಿಸುವ ಕೆಲಸವನ್ನು ವೀಣಾಗೆ ವಹಿಸಿದರು. ಪರೀಕ್ಷೆ ಬಹಳ ಸರಳ. ಮಗುವಿನ ಮುಂದೆ ಒಂದು ರಾಶಿ ಇಟ್ಟು, ಕೈಚಾಚಿ, "ನಂಗೆ ಆರು ಕೊಡು" ಅನ್ನಬೇಕು. ಸರಿಯಾಗಿ ಕೊಟ್ಟರೆ ಆ ಮಗುವಿಗೆ ಆರರ ಅರ್ಥ ಗೊತ್ತು. ಎಲ್ಲ ಕಡೆ ಪ್ಲಾಸ್ಟಿಕ್ ಗುಂಡಿ ಬಳಸುತ್ತಾರಂತೆ. ವೀಣಾ, ಮಕ್ಕಳಿಗೆ ಪರಿಚಯದ್ದೇ ಇರಲಿ ಎಂದು, ರಟ್ಟಿನಲ್ಲಿ ಬಂಗಡೆ ಮೀನುಗಳನ್ನು ಕತ್ತರಿಸಿ ಬಣ್ಣ ಹಚ್ಚಿದಳು. ತನ್ನ ಜಾಣತನಕ್ಕೆ ತಾನೇ ಹಿಗ್ಗಿದಳು. ಸ್ಕೂಟರ್ ನನ್ನದಾಗಿತ್ತು, ಕೊಂಕಣಿಯೂ ನನಗೆ ಬರುತ್ತಿತ್ತು, ಹಾಗಾಗಿ ನಾನೂ ಸಂಶೋಧಕಿಯಾದೆ.

ಒಳನಾಡಿನ ಸುಂಕಸಾಳದ ಕಡೆಯ ಮಕ್ಕಳು ಚೆನ್ನಾಗಿ ಮಾಡಿದರು. ಬೈತಖೋಲದ ಮಕ್ಕಳು ಮಕಾಡೆ ಬಿದ್ದರು. ಬಂದರದ ಹತ್ತಿರದ ಶಾಲೆ ಅದು, ತಾಯಂದಿರಲ್ಲಿ ಹೆಚ್ಚಿನವರು ಮೀನು ಮಾರುವವರು. ಉತ್ತರಗಳನ್ನು ತುಂಬಿಸಿದ ಕಂಪ್ಯೂಟರಿಗೆ ಸರಿ, ತಪ್ಪು ಎರಡೇ ಗೊತ್ತು. ಅದು ಸಾಲುಸಾಲಾಗಿ ತಪ್ಪು ಹಾಕಿತು. ಹೆಗಡೆಯವರು ವರದಿ ಸಿದ್ಧಮಾಡಿ ನಮಗೆ ಕಳಿಸಿಯೂ ಬಿಟ್ಟರು. ಈ ಮಕ್ಕಳಿಗೆ ಸಂಖ್ಯೆಯ ಬುನಾದಿಯೇ ಇಲ್ಲ, ಮುಂದಿನ ವರ್ಷ ಎರಡನೇ ತರಗತಿಗೆ ಕಳಿಸದೆ ಬೇರೆ ಕೋಣೆಯಲ್ಲಿ ಕೂರಿಸಿ ಮೊದಲಿಂದ ಕಲಿಸಬೇಕು ಎಂದು ಅದರಲ್ಲಿತ್ತು. ಕೆಳಗೆ ವೀಣಾಳ ಸಹಿಯೊಂದೇ ಬಾಕಿ.

ಬೇರೆ ಕೋಣೆ ಅಂದರೆ ಏನೆಂದು ನನಗೆ ಗೊತ್ತಿದೆ. ಅಲ್ಲಿ ಕೂತವರನ್ನು ದಡ್ಡರ ಕೋಣೆಯವರು ಅನ್ನುತ್ತಾರೆ, ಆ ಹೆಸರು ಹೈಸ್ಕೂಲಿನ ತನಕ ಬೆನ್ನು ಬಿಡುವುದಿಲ್ಲ. "ಹಾಕ್ಬೇಡ ಮಾರಾಯ್ತಿ," ಅಂದೆ. ವೀಣಾ, ಮಕ್ಕಳು ನಿಜಕ್ಕೂ ಎಷ್ಟೆಷ್ಟು ಮೀನು ಕೊಟ್ಟಿದ್ದರು ಎಂದು ಬರೆದಿಟ್ಟ ಪಟ್ಟಿ ತೆರೆದು ನೋಡುತ್ತ ಕೂತಳು. ಆಮೇಲೆ ಕುರ್ಚಿ ಹಿಂದೆ ಸರಿಸಿದಳು.

"ಇಲ್ಲಿ ನೋಡು ವಿನುತಕ್ಕ. ಎಣಿಕೆ ಗೊತ್ತಿಲ್ದವ್ರ ತಪ್ಪು ಎರಡೂ ಬದಿಗೆ ಬೀಳಬೇಕು. ಆರು ಕೇಳಿದ್ರೆ ಒಬ್ಬ ನಾಲ್ಕು ಕೊಡ್ತಾನೆ, ಒಬ್ಬ ಒಂಬತ್ತು ಕೊಡ್ತಾನೆ. ಇವ್ರು ಎಲ್ಲರೂ ಏಳೇ ಕೊಟ್ಟಿದ್ದಾರೆ. ನಾಲ್ಕು ಕೇಳಿದ್ರೆ ಐದು. ಎಲ್ಲದಕ್ಕೂ ಒಂದೇ ಜಾಸ್ತಿ. ನಮ್ಮ ಯಂತ್ರ ಹಿಂಗೆ ಒಂದೇ ಬದಿಗೆ ವಾಲಿದ್ರೆ ನಾವು ಕಣಕ್ಕೆ ಬಯ್ಯೂದಿಲ್ಲ, ಯಂತ್ರ ಬಿಚ್ಚಿ ನೋಡ್ತೇವೆ."

"ಇಲ್ಲಿ ಯಂತ್ರ ಎಲ್ಲಿದೆ?"

"ನಾನೇ. ನಾ ಕೈ ಚಾಚಿ ಬಂಗಡೆ ಕೇಳ್ದೆ. ಕೇಳಿದವ್ರಿಗೆ ಎಣಿಸಿದಷ್ಟೇ ಮೀನು ಕೊಟ್ಟು ಕಳಿಸೂ ಮನೆ ಬೈತಖೋಲದಲ್ಲಿ ಇದ್ಯಾ? ನನ್ನ ಅವ್ವ ಹರಿವೆ ಕಟ್ಟಿನ ಮೇಲೆ ಕೊಸರು ಅಂತ ನಾಲ್ಕು ದಂಟು ಜಾಸ್ತಿ ಹಾಕದೆ ಒಬ್ಬರನ್ನೂ ಕಳಿಸಿದ್ದಿಲ್ಲ. ಆದ್ರೂ ನಂಗೆ ಹೊಳೀಲಿಲ್ಲ ನೋಡು."

ಕೂಡಲೇ ಹೆಗಡೆಯವರಿಗೆ ಫೋನು ಮಾಡಿದಳು. ಅವರು ನಕ್ಕರು. ನಿಮ್ಮ ಊರ ಕಡೆಯ ಮಕ್ಕಳೆಂದು ವಾದ ಮಾಡುತ್ತಿದ್ದೀರಿ ಅಂದರಂತೆ. ಪಾಪ, ಅಡಕೆಯ ಮನೆಯವರು ಅವರು. ತಕ್ಕಡಿಯಲ್ಲಿ ಹೋಗುವ ಮಾಲಿಗೆ ಕೊಸರಿನ ಗೊಡವೆ ಇರುವುದಿಲ್ಲ. ವೀಣಾ ದನಿ ಏರಿಸಲಿಲ್ಲ. "ಇನ್ನೊಮ್ಮೆ ಪರೀಕ್ಷೆ ಮಾಡುವ ಸರ್, ನೀವೇ ಬನ್ನಿ. ಈ ಸಲ ಮಕ್ಕಳು ಯಾರ ಕೈಗೂ ಕೊಡೂದಿಲ್ಲ, ಎಣಿಸಿ ಡಬ್ಬಿಗೆ ಹಾಕ್ತಾರೆ. ಫಲಿತಾಂಶ ಈಗಲೇ ಹೇಳ್ತೇನೆ, ಲೆಕ್ಕ ಸರಿ ಬರ್ತದೆ. ಬರದಿದ್ರೆ ಅಲ್ಲೇ ಸಹಿ ಹಾಕ್ತೇನೆ."

ಅವಳ ಈ ಧೈರ್ಯ ನೋಡಿ ನನಗೆ ಊಟವೇ ಬೇಡವಾಯಿತು. ಅವಳು ನಿಶ್ಚಿಂತೆಯಿಂದ ಊಟಕ್ಕೆ ಹೋದಳು.

ಹೆಗಡೆಯವರು ಬಂದರು. ಅವತ್ತು ಬಂದರದಲ್ಲಿ ದೋಣಿಗಳೆಲ್ಲ ಒಟ್ಟಿಗೆ ಬಂದಿದ್ದವು, ಗಾಳಿ ಶಾಲೆಯ ಕಡೆಗೇ ಬೀಸುತ್ತಿತ್ತು. ಅವರು ಕರವಸ್ತ್ರದಲ್ಲಿ ಮೂಗು ಒತ್ತಿ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಎಣಿಸಿ ಡಬ್ಬಿಗೆ ಹಾಕಿದರು. ಐದು ಅಂದರೆ ಐದು, ಆರು ಅಂದರೆ ಆರು. ಎಲ್ಲೋ ಒಬ್ಬಿಬ್ಬರು ತಪ್ಪಿದರು, ಅದೂ ಒಬ್ಬ ಹೆಚ್ಚು, ಒಬ್ಬ ಕಡಿಮೆ. ನನಗೆ ಕುಣಿಯುವ ಹಾಗಾಯಿತು.

ಹೆಗಡೆಯವರು ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. "ನೀವು ಹೇಳಿಕೊಟ್ಟಿರಬಹುದು. ಕೈಗೆ ಕೊಡುವಾಗ ಹೆಚ್ಚು ಕೊಡುತ್ತಾರೆ ಅನ್ನುವುದು ತಾನೇ ನಿಮ್ಮ ವಾದ?" ಎನ್ನುತ್ತ, ಮುಂದೆ ನಿಂತಿದ್ದ ವೈಶಾಲಿ ಎಂಬ ಹುಡುಗಿಯತ್ತ ಕೈ ಚಾಚಿದರು. "ನಂಗೆ ಆರು ಮೀನು ಕೊಡು, ಪುಟ್ಟಿ."

ವೈಶಾಲಿ ಅವರನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. ಎಣಿಸಿ ಆರು ಬಂಗಡೆ ಅವರ ಅಂಗೈಯಲ್ಲಿಟ್ಟಳು. ಸರಿಯಾಗಿ ಆರು.

"ಈಗೇನಂತೀರಿ? ಎಲ್ಲಿ ಹೋಯಿತು ನಿಮ್ಮ ಕೊಸರು?" ಅಂದರು ಹೆಗಡೆಯವರು.

ವೀಣಾ ತಾನೂ ಕೈ ಚಾಚಿ ಆರು ಕೇಳಿದಳು. ವೈಶಾಲಿ ಆರು ಎಣಿಸಿ ಇಟ್ಟಳು. ರಾಶಿಯೊಳಗೆ ಕೈಯಾಡಿಸಿ, ಇದ್ದುದರಲ್ಲಿ ದೊಡ್ಡದೊಂದನ್ನು ಆರಿಸಿ ಮೇಲಿಟ್ಟಳು.

"ಅಕ್ಕೋರಿಗೆ ಏಳು, ನಂಗೆ ಆರೇ. ಯಾಕೆ?" ಹೆಗಡೆಯವರು ಕೇಳಿದರು.

"ನೀವು ಕೇಳಿದ್ದು ಆರೇ ಅಲ್ಲ?" ಅಂದಳು ವೈಶಾಲಿ. "ಅಕ್ಕೋರಿಗೆ ಮೇಲಿಂದು ಕೊಸರು. ಮೂಗು ಮುಚ್ಕೊಂಡು ಬಂದವ್ರಿಗೆ ನಮ್ಮಮ್ಮ ಕೊಸರು ಹಾಕೂದಿಲ್ಲ."

ಹೆಗಡೆಯವರ ಮುಖ ಕೆಂಪಾಯಿತು. ಚೀಲದಿಂದ ವರದಿ ತೆಗೆದು, ಬೇರೆ ಕೋಣೆಯ ಮಾತಿದ್ದ ಹಾಳೆಯನ್ನು ಹರಿದರು. ಕರವಸ್ತ್ರ ಮಡಚಿ ಕಿಸೆಗಿಟ್ಟುಕೊಂಡು, ಆ ಹುಡುಗಿಯ ಮುಂದೆ ಮತ್ತೆ ಕೈ ಚಾಚಿದರು.