ಅಲ್ಪವಿರಾಮ ಸಮೇತ ಓದಿದ ದನಿ

ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಮೊಳೆಯಕ್ಕ ಎಂದೇ ಕರೆಯುತ್ತಿದ್ದರು. ಹದಿನೇಳರ ವಯಸ್ಸಿಗೆ ಖಾನೆಗಳ ಮುಂದೆ ನಿಂತವಳು, ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕೂಡಿಸುತ್ತ ಇಪ್ಪತ್ತಾರು ವರ್ಷ ಕಳೆದಳು. ತಿರುಗುಮುರುಗಾದ ಅಕ್ಷರ ಓದುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. "ಅಕ್ಕನ ಮುಂದೆ ಕನ್ನಡಿ ಇಟ್ರೆ ಕನ್ನಡೀನೇ ತಬ್ಬಿಬ್ಬಾಗುತ್ತೆ" ಎಂದು ಮೆಷಿನ್ ನಡೆಸುವವನು ನಗಾಡುತ್ತಿದ್ದ.

ಗಂಡನೂ ಅಲ್ಲಿಯವನೇ, ಕರಡು ಓದುವವನು. ಅವನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅವಳು ಅಚ್ಚಾದ ಕರಡಿನ ಮೇಲೆ ಬೆರಳಾಡಿಸುತ್ತ ತಪ್ಪು ಹಿಡಿಯಬೇಕು. ಚಿಹ್ನೆಗಳನ್ನೂ ಬಿಡದೆ ಓದುತ್ತಿದ್ದ: "ಗೂಡಿನ ಬಾಗಿಲು ಅಲ್ಪವಿರಾಮ ಬಿಸಿಲಿರುವ ಕಡೆಗಿರಲಿ ಪೂರ್ಣವಿರಾಮ."

ಅದು ಜೇನುಸಾಕಣೆಯ ದಪ್ಪ ಪುಸ್ತಕ. ಅದು ಅರ್ಧಕ್ಕೆ ಬಂದಾಗ ಅವನ ಗಂಟಲಲ್ಲಿ ಗಂಟು ಕಾಣಿಸಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಅವನು ಮಾಲೀಕರ ಟೇಪ್ ರೆಕಾರ್ಡರ್ ಮನೆಗೆ ತಂದು, ಆಪರೇಷನ್ನಿಗೆ ಮುಂಚೆ ನಾಲ್ಕು ದಿನ ಕೂತು ಉಳಿದದ್ದನ್ನೆಲ್ಲ ಕ್ಯಾಸೆಟ್ಟುಗಳಿಗೆ ಓದಿದ.

ಮಗಳಿಗಾಗ ಮೂರು ವರ್ಷ. "ಮಗೂಗೆ ಅಂತ ಒಂದೆರಡು ಮಾತಾಡಿ" ಎಂದಳು.

"ಟೇಪು ಸಾಲಲ್ಲ ಕಣೇ. ಇನ್ನೂ ಎರಡು ಅಧ್ಯಾಯ ಇದೆ."

ಆಸ್ಪತ್ರೆಯಿಂದ ಬಂದ ಮೇಲೆ ಅವನು ಪ್ರೆಸ್ಸಿನಲ್ಲಿ ಅವಳ ಪಕ್ಕದ ಸ್ಟೂಲಿನ ಮೇಲೆ ಸುಮ್ಮನೆ ಕೂರುತ್ತಿದ್ದ. ಟೇಪು ಓದುತ್ತಿತ್ತು, ಅವಳು ತಿದ್ದುತ್ತಿದ್ದಳು. ಒಮ್ಮೆ ಟೇಪಿನೊಳಗಿನ ಅವನು ಕೆಮ್ಮಿ, "ಸ್ವಲ್ಪ ನೀರು ಕೊಡು" ಎಂದ. ಅವಳು ಎದ್ದುಹೋಗಿ ಲೋಟ ತಂದಳು. ಸ್ಟೂಲಿನ ಮೇಲಿದ್ದ ಅವನು ತೆಗೆದುಕೊಂಡು ಕುಡಿದ. ಇಬ್ಬರೂ ನಗಲಿಲ್ಲ.

ಪುಸ್ತಕ ಹೊರಬಂತು. ಅವನು ಹನ್ನೊಂದು ತಿಂಗಳು ಬದುಕಿದ. ಸಾವಿನ ಸುದ್ದಿಯ ಕಾರ್ಡನ್ನು ಅಲ್ಲೇ ಅಚ್ಚು ಹಾಕಬೇಕಿತ್ತು.

"ಬೇರೆಯವರು ಜೋಡಿಸ್ತಾರೆ, ನೀನು ಮನೆಗೆ ಹೋಗಮ್ಮ" ಎಂದರು ಮಾಲೀಕರು.

"ಐದೇ ಸಾಲು ತಾನೆ?" ಎಂದು ಅವಳೇ ಕೂಡಿಸಿದಳು. ಈಗ ಅಳುತ್ತಾಳೆ, ಆಗ ಅಳುತ್ತಾಳೆ ಎಂದು ಎಲ್ಲರೂ ಕಾದರು. ಅವಳು ತಲೆಕೆಳಗಾಗಿದ್ದ ಒಂದು ಮೊಳೆಯನ್ನು ಕಿತ್ತು ಸರಿಪಡಿಸಿದಳು. ಒಳಗೆ ಏನೂ ಅಲುಗಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಮೊಳೆಗಳನ್ನು ಗೋಣಿಚೀಲಕ್ಕೆ ತುಂಬಿ ಕರಗಿಸಲು ಒಯ್ದರು. ಅವಳು ಮೂರೇ ವಾರಕ್ಕೆ ಕೀಲಿಮಣೆ ಕಲಿತಳು. ನೆಟ್ಟಗಿರುವ ಅಕ್ಷರ ಕಂಡು ಕಣ್ಣು ಮೊದಮೊದಲು ಕಕ್ಕಾಬಿಕ್ಕಿಯಾಗುತ್ತಿತ್ತು, ಬರಬರುತ್ತ ಅದೂ ರೂಢಿಯಾಯಿತು.

ಮಗಳು ದೊಡ್ಡವಳಾಗಿ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಬೀರುವಿನಲ್ಲಿದ್ದ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡಳು. ಅಪ್ಪನ ದನಿ ಅವಳಿಗೆ ನೆನಪೇ ಇರಲಿಲ್ಲ. ಕೇಳಿ ಬಿಕ್ಕಿಬಿಕ್ಕಿ ಅತ್ತಳು. ವಾರ ಕಳೆದು ಫೋನು ಹಿಡಿದು ಬಂದಳು.

"ಅಮ್ಮಾ, ಆ ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ಕತ್ತರಿಸಿಬಿಟ್ಟೆ. ಈಗ ಕೇಳು, ಎಷ್ಟು ಚೆನ್ನಾಗಿ ಓದ್ತಾರೆ ಅಪ್ಪ!"

ಮೊಳೆಯಕ್ಕ ಕಿವಿಗಿಟ್ಟುಕೊಂಡಳು. ಎಲ್ಲೂ ತಡೆಯದೆ ನುಣ್ಣಗೆ ಹರಿಯುವ ಮಾತು. ರೇಡಿಯೋದಲ್ಲಿ ಜೇನಿನ ಬಗ್ಗೆ ಹೇಳುವ ಯಾರೋ ಒಬ್ಬ.

"ಹೇಗಿದೆ?"

"ಹೂಂ, ಚೆನ್ನಾಗಿದೆ."

ಮಗಳು ಅಲ್ಲೇ ನಿಂತು ಅದನ್ನು ಚಿಕ್ಕಪ್ಪನಿಗೂ ಅತ್ತೆಯರಿಗೂ ಕಳಿಸಿದಳು. ಕತ್ತರಿಸದ ಮೊದಲಿನದನ್ನಾಗಲಿ, ಕ್ಯಾಸೆಟ್ಟುಗಳನ್ನಾಗಲಿ ಉಳಿಸಿಕೊಂಡಿದ್ದಾಳೋ ಇಲ್ಲವೋ ಎಂದು ಮೊಳೆಯಕ್ಕ ಕೇಳಲಿಲ್ಲ. ಕೇಳಬೇಕು ಅನ್ನಿಸಲೂ ಇಲ್ಲ. ಪ್ರೆಸ್ಸಿನಲ್ಲಿ ಬಸ್ಸಿನ ವೇಳಾಪಟ್ಟಿಯ ಕರಡು ಕಾದಿತ್ತು. ಊಟ ಮುಗಿಸಿ ಹೊರಟಳು.